ಹನ್ನೆರಡಕ್ಕೆ ಐದು ನಿಮಿಷ

ಎಂಬತ್ತು ದಿನ ಅಂತ ಬರೆದಿಟ್ಟಿದ್ದಾರೆ ಸಂವಿಧಾನದಲ್ಲಿ,
ಎರಡು ವರ್ಷಕ್ಕೊಮ್ಮೆ, ಎಂಬತ್ತೇ ದಿನ.
ಎಂಬತ್ತನೆಯ ರಾತ್ರಿ ಹನ್ನೆರಡು ಹೊಡೆದರೆ
ಮುಗಿಯದ ಮಸೂದೆಗಳೆಲ್ಲ ಕಸದ ಬುಟ್ಟಿಗೆ.
ಅದಕ್ಕೇ ನಾನು.

ಸಭಾಧ್ಯಕ್ಷರು ಬಾಯಿಬಿಟ್ಟು ಹೇಳುವುದಿಲ್ಲ;
ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾರೆ.
ಪೊರಕೆ ಕೋಣೆಯಿಂದ ಏಣಿ ತರುತ್ತೇನೆ,
ಆರು ಮೆಟ್ಟಿಲು ಹತ್ತಿ, ಗಾಜಿನ ಬಾಗಿಲು ತೆರೆದು
ಲೋಲಕವನ್ನು ಎರಡೇ ಬೆರಳಲ್ಲಿ ಹಿಡಿಯುತ್ತೇನೆ,
ಜ್ವರ ಬಂದ ಮಗುವಿನ ಮಣಿಕಟ್ಟು ಹಿಡಿದ ಹಾಗೆ.
ಟಿಕ್ ಅಂದದ್ದು ಟಕ್ ಅನ್ನುವುದಿಲ್ಲ.

ಹೊರಗೆ ಮಿಸ್ಸೂರಿ ಹೊಳೆಯ ಸೇತುವೆ ಮೇಲೆ
ಗೋಧಿ ತುಂಬಿದ ಗೂಡ್ಸ್ ರೈಲು ತನ್ನ ವೇಳೆಗೆ ಹೋಗುತ್ತದೆ,
ಏಪ್ರಿಲ್ ಕೊನೆಯ ಹಿಮವನ್ನು ಯಾರೋ ಸಲಿಕೆಯಲ್ಲಿ ಬಳಿಯುತ್ತಾರೆ.
ಒಳಗೆ ಯಾರಿಗೂ ವಯಸ್ಸಾಗುವುದಿಲ್ಲ.
ಶಾಲಾ ಬಸ್ಸಿಗೆ ದುಡ್ಡು, ಲಾರಿಗೆ ತೂಕದ ಮಿತಿ,
ಬಾಸ್ಕೆಟ್‌ಬಾಲ್ ಗೆದ್ದ ಹುಡುಗಿಯರಿಗೆ ಅಭಿನಂದನಾ ನಿರ್ಣಯ,
ಎಲ್ಲವೂ ಅದೇ ಗಳಿಗೆಯೊಳಗೆ.
ಒಮ್ಮೆ ಬೆಳಗಿನ ಜಾವ ನಾಲ್ಕೂವರೆ ತನಕ
ಹನ್ನೆರಡಕ್ಕೆ ಐದು ನಿಮಿಷವೇ ಇತ್ತು.

ಇನ್ನೊಮ್ಮೆ, ಹನ್ನೆರಡು ವರ್ಷದ ಹಿಂದೆ,
ಆಸ್ಪತ್ರೆಯಿಂದ ಫೋನು ಬಂದಾಗ ನನ್ನ ಕೈಗಡಿಯಾರದಲ್ಲಿ
ಎರಡು ಗಂಟೆ ಹತ್ತು ನಿಮಿಷ.
ನನ್ನಕ್ಕ ಟೋರಾ. ಕೆಳಗಿನ ಕೋಟುಕೋಣೆ ಅವಳದು;
ಇಪ್ಪತ್ತು ಅಧಿವೇಶನ. ಟೋಕನ್ ಕೊಟ್ಟವಳೇ ಅಲ್ಲ.
ಮೆಟ್ಟಿಲಲ್ಲಿ ಬೂಟಿನ ಸದ್ದು ಕೇಳಿಯೇ
ಯಾರ ಕೋಟೆಂದು ತಿಳಿದು, ಅವರು ಕೇಳುವ ಮುಂಚೆ
ತೋಳು ತೂರಿಸಲು ಬಿಡಿಸಿ ಹಿಡಿದಿರುತ್ತಿದ್ದಳು.
ಸದನ ಎದ್ದು ನಿಂತಿತು. ಸಂತಾಪ ನಿರ್ಣಯ, ಒಕ್ಕೊರಲಿನಿಂದ.
ನಾನು ಬಾಗಿಲ ಬಳಿ, ಟೋಪಿ ಕೈಯಲ್ಲಿ.

ಮರಣಪತ್ರದಲ್ಲಿ ಇಪ್ಪತ್ತೊಂಬತ್ತನೇ ತಾರೀಖು;
ಸದನದ ಕಡತದಲ್ಲಿ ಇಪ್ಪತ್ತೆಂಟು, ರಾತ್ರಿ ಹನ್ನೊಂದು ಐವತ್ತೈದು.
ಎರಡೂ ಮುದ್ರೆ ಒತ್ತಿದ ಕಾಗದಗಳೇ.
ಅವಳು ಇನ್ನೂ ಉಸಿರಾಡುತ್ತಿರುವಾಗ
ಈ ರಾಜ್ಯ ಅವಳಿಗಾಗಿ ಒಂದು ನಿಮಿಷ ಮೌನ ನಿಂತಿತ್ತು.

ಈ ಸಲ ಬಂದವಳು ಡೆಲೇನ್ ಶ್ಮಿಟ್‌ಗಾಲ್,
ಮೂವತ್ತೆರಡರ ಪ್ರಾಯ, ಉತ್ತರದ ಸಕ್ಕರೆ ಬೀಟ್ ಹೊಲಗಳ ಕಡೆಯವಳು.
ಅವಳ ನಿರ್ಣಯ ಒಂದೇ ಪುಟ:
ಇನ್ನು ಮುಂದೆ ಗಡಿಯಾರ ನಿಲ್ಲಿಸತಕ್ಕದ್ದಲ್ಲ.
"ಕೋಳಿ ಮೇಲೆ ಬುಟ್ಟಿ ಕವುಚಿದರೆ ಬೆಳಗಾಗುವುದಿಲ್ಲವೇ?
ಪ್ರತಿ ಕಾಯಿದೆಯ ಮೊದಲ ಸಾಲೇ ಸುಳ್ಳು, ತಾರೀಖು."
ಸರಿಯಾಗಿಯೇ ಹೇಳಿದಳು. ನನ್ನ ತಲೆಯೂ ಆಡಿತು.
ಆದರೆ ಆ ಕಾಗದ ಸಾಲಿನಲ್ಲಿ ಕೊನೆಯದು,
ಅದಕ್ಕೂ ಮುಂಚೆ ಮೀನು ಹಿಡಿಯುವ ಪರವಾನಗಿ ಬಗ್ಗೆ
ಹಿರಿಯರೊಬ್ಬರು ಅರ್ಧ ಗಂಟೆ ಕುಟ್ಟಿದರು.
ಅವಳ ಸರದಿಗೆ ಹನ್ನೊಂದು ಐವತ್ತನಾಲ್ಕು,
ಇನ್ನೂ ಏಳು ಮಂದಿ ಮಾತಾಡಬೇಕು.

ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು.

ಏಣಿ ತಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು,
ಆಮೇಲೆ ಎಲ್ಲರೂ. ಡೆಲೇನ್ ಮುಖ ಮುಚ್ಚಿಕೊಂಡಿದ್ದಳು,
ಹೆಗಲು ಮಾತ್ರ ಕುಣಿಯುತ್ತಿತ್ತು.
ಗಡಿಯಾರ ನಿಲ್ಲಿಸಬಾರದೆಂಬ ಮಾತು
ನಿಂತ ಗಡಿಯಾರದ ಕೆಳಗೆ
ಒಂದು ಗಂಟೆ ಇಪ್ಪತ್ತು ನಿಮಿಷ ನಡೆಯಿತು.
ಪರವಾಗಿರುವವರು ಹೌದು ಎನ್ನಿ.
ಹೌದು ಎಂದರು. ಇಲ್ಲ ಎಂದವರು ಕೆಮ್ಮಿದ ಹಾಗೆ ಎಂದರು.
ಹೌದು ಎಂದವರ ಧ್ವನಿ ಹೆಚ್ಚಿದೆ.

ಲೋಲಕ ಬಿಟ್ಟೆ. ಉಳಿದ ಐದು ನಿಮಿಷವನ್ನು
ಎರಡನೇ ಪಂಕ್ತಿಗೆ ಕಾದವರಂತೆ ಸುಮ್ಮನೆ ಕೂತು ಕಳೆದರು.

ಏಣಿ ಮಡಚುವಾಗ ಹತ್ತಿರ ಬಂದಳು.
ಹಳೆಯ ಕಡತ ಓದಿದ್ದಾಳೆ; ಎಲ್ಲವನ್ನೂ ಓದುವ ಹುಡುಗಿ.
"ನಿಮ್ಮಕ್ಕನ ನಿರ್ಣಯದ ತಾರೀಖು
ಮುಂದಿನ ಸಲ ತಿದ್ದಿಸಲೇ? ಒಂದು ಸಾಲಿನ ಕೆಲಸ."

ಬೇಡ ಅಂದೆ.
ಜನ್ಮವಿಡೀ ಬೇರೆಯವರ ಕೋಟು ಹಿಡಿದು ನಿಂತವಳು.
ಅದೊಂದು ಸಲ ಅವಳಿಗೂ ಯಾರೋ
ಕೇಳುವ ಮುಂಚೆಯೇ ಬಿಡಿಸಿ ಹಿಡಿದಿದ್ದಾರೆ, ಇರಲಿ.

ಕೆಳಗೆ ಟೋಕನ್ ಯಂತ್ರ ಕೆಟ್ಟಿತ್ತು.
ಅಷ್ಟೂ ಶಾಸಕರು ಕಪ್ಪು ಕೋಟುಗಳ ರಾಶಿಯಲ್ಲಿ
ತಮ್ಮ ತಮ್ಮದನ್ನು ಮೂಸಿ ನೋಡುತ್ತಿದ್ದರು.