ಪಟ್ಟಿಯಲ್ಲಿ ಏಳನೆಯ ಹೆಸರು

ಅಹಮದಾಬಾದಿನಿಂದ ಬಂತು ಪಾರ್ಸಲ್ಲು.
ಇಪ್ಪತ್ಮೂರು ಹಸಿರು ಡಬ್ಬಿ, ಮೇಲೆ ಬಂಗಾರ ಬಣ್ಣದ ಚಂದ್ರ,
ಒಳಗೆ ಖರ್ಜೂರ, ಪಿಸ್ತಾ, ಅತ್ತರಿನ ಪುಟ್ಟ ಶೀಸೆ,
ಎಂ.ಡಿ. ಸಾಹೇಬರ ಸಹಿ ಅಚ್ಚಾದ ಕಾರ್ಡು.
ಜೊತೆಗೊಂದು ಪಟ್ಟಿ.
ಕಪನೂರಿನ ಈ ಬೇಳೆ ಮಿಲ್ಲಿನಲ್ಲಿ
ಹಾಜರಿ, ಪಿ.ಎಫ್., ಸಂಬಳದ ಚೀಟಿ ನನ್ನ ಕೆಲಸ.
ಈಗ ಇದೂ.

ಏಳನೆಯ ಹೆಸರು ಹುಸೇನಪ್ಪ.
ಜರಡಿ ಯಂತ್ರದ ಹುಸೇನಪ್ಪ, ಹಣೆ ತುಂಬ ವಿಭೂತಿ.
ಕಾಟಾದ ರಾಜಾಪಟೇಲರ ಹೆಸರೇ ಇಲ್ಲ.
ಪಟೇಲ ಎಂದರೆ ತಮ್ಮ ಕಡೆಯವನೇ
ಅಂದುಕೊಂಡಿರಬೇಕು ಅಲ್ಲಿ ಕೂತವರು.

ಮೂರಕ್ಕೆ ಕಾರ್ಯಕ್ರಮ,
ಫೋಟೋದವನಿಗೆ ನಾಲ್ಕಕ್ಕೆ ಮದುವೆಯಿತ್ತು.
ಯಾರೋ ಚಹಾ ಹೇಳಿ ಕಳಿಸಿದ್ದರು.
ಯಾರೋ ಏನು, ನಾನೇ.
ಕಾರ್ಯಕ್ರಮ ಎಂದರೆ ಚಹಾ; ಕೈ ತಾನಾಗಿ ಬರೆದಿತ್ತು.
ಹುಡುಗ ಟ್ರೇ ಹಿಡಿದು ಸಾಲಿನ ಮುಂದೆ ನಿಂತಾಗ
ನೆಲ ಬಾಯಿ ಬಿಡಬಾರದೇ ಅನಿಸಿತು.
ಲ್ಯಾಬಿನ ತಸ್ಕೀನ್ ಒಂದು ಕಪ್ಪು ತೆಗೆದುಕೊಂಡಳು.
ಕುಡಿಯಲಿಲ್ಲ. ಬೇಡ ಎನ್ನಲೂ ಇಲ್ಲ.
ಎರಡೂ ಕೈಯಲ್ಲಿ ಹಿಡಿದು
ನನ್ನ ಕಡೆ ಒಮ್ಮೆ ನೋಡಿ
ಭಾಷಣ ಮುಗಿಯುವ ತನಕ ನಿಂತಳು.
ಅವಳನ್ನು ನೋಡಿ ಬಾಬಾಮಿಯಾ, ಅವರನ್ನು ನೋಡಿ ಉಳಿದವರು.
ಇಪ್ಪತ್ತೆರಡು ಕಪ್ಪುಗಳಲ್ಲಿ
ಮೆಲ್ಲಗೆ ಕೆನೆ ಕಟ್ಟಿತು.
ಹುಸೇನಪ್ಪನೊಬ್ಬ ಸುರ್ರೆಂದು ಹೀರಿ,
ಅತ್ತಿತ್ತ ನೋಡಿ,
ಕಪ್ಪನ್ನು ಬೆನ್ನ ಹಿಂದೆ ಬಚ್ಚಿಟ್ಟ.

ಸಂಜೆ ಡಬ್ಬಿ ಹಿಡಿದು ನನ್ನ ಮೇಜಿಗೆ ಬಂದ.
"ನಮ್ಮವ್ವ ಮೂರು ಕೂಸು ಕಳಕೊಂಡಾಕಿರೀ ಮೇಡಂ,
ದರ್ಗಾಕ್ಕ ಹರಕಿ ಹೊತ್ತು ನನ್ನ ಹಡದಾಳ.
ಹೆಸರಿನ ಋಣ ಅದ, ರೋಜಾದ್ದು ಇಲ್ಲ.
ಬರ್ರಿ, ಪಟೇಲರಿಗಿ ಕೊಟ್ಟು ಬರೋಣು."

ಗೇಟಿನ ತನಕ ತೊಗರಿ ಲಾರಿಗಳ ಸಾಲು,
ಗಾಳಿ ತುಂಬ ಹೊಟ್ಟಿನ ಧೂಳು.
ಇಪ್ಪತ್ತಾರನೆಯ ರೋಜಾದ ಒಣ ತುಟಿಯಲ್ಲಿ
ಪಟೇಲರು ನಕ್ಕರು:
"ನಿನ್ನ ಹೆಸರಿಗಿ ಬಂದದ್ದು, ನಾ ಹ್ಯಾಂಗ ತಗೊಳ್ಳಲಿ?"
ನೀ ತಗೊ, ನೀವು ತಗೋರಿ,
ಕೊನೆಗೆ ಹುಸೇನಪ್ಪ ಸಿಟ್ಟಿಗೆದ್ದು
ಡಬ್ಬಿಯನ್ನು ಕಾಟಾದ ನಡುವೆಯೇ ಇಟ್ಟುಬಿಟ್ಟ,
ಲಾರಿ ನಿಲ್ಲುವ ಅಷ್ಟಗಲ ಕಬ್ಬಿಣದ ಮೇಲೆ
ಅಂಗೈಯಷ್ಟು ಹಸಿರು.
ಒಳಗೆ ಕೆಂಪು ಅಂಕಿ ಮಿಸುಕಲಿಲ್ಲ. ಸೊನ್ನೆ.
"ಹತ್ತು ಕಿಲೋ ಒಳಗಿಂದು ಇದಕ್ಕ ಕಾಣಂಗಿಲ್ಲ,"
ಎಂದರು ಪಟೇಲರು, ಮಷಿನ್ನಿನ ಪರವಾಗಿ
ಕ್ಷಮೆ ಕೇಳುವವರ ಹಾಗೆ.

ಹಿಂದಿನ ಲಾರಿಯವ ಹಾರ್ನ್ ಒತ್ತಿದ.
ಅಷ್ಟರಲ್ಲಿ ದೂರದಿಂದ ಅಜಾನ್.
ಡಬ್ಬಿ ಬಿಚ್ಚಿದ್ದು ಯಾರು, ನೆನಪಿಲ್ಲ.
ಪಟೇಲರಿಗೊಂದು, ಹುಸೇನಪ್ಪನಿಗೊಂದು, ನನಗೊಂದು,
ಹಾರ್ನಿನವನಿಗೂ ಕಿಟಕಿಯಿಂದ ಒಂದು.
ಬೀಜ ಎಲ್ಲಿ ಉಗುಳುವುದು ತಿಳಿಯದೆ
ಬಹಳ ಹೊತ್ತು ದವಡೆಯಲ್ಲೇ ಇಟ್ಟುಕೊಂಡಿದ್ದೆ.

ಮರುದಿನ ಮೇಲ್ ಬರೆದೆ:
ಇಪ್ಪತ್ಮೂರು ಡಬ್ಬಿ ತಲುಪಿವೆ, ಫೋಟೋ ಲಗತ್ತಿಸಿದೆ.
ಮುಂದಿನ ವರ್ಷ ದಯವಿಟ್ಟು ಸಂಜೆ ಆರೂವರೆಯ ನಂತರ.
ಕಾಟಾ ವಿಭಾಗದ ರಾಜಾಪಟೇಲ, ಹೆಸರು ಸೇರಿಸುವುದು.
ಏಳನೆಯ ಹೆಸರಿನ ಮೇಲೆ ಕರ್ಸರ್ ಮಿಣುಕುತ್ತಿತ್ತು.
ಅದನ್ನು ತೆಗೆಯಿರಿ ಎಂದು ಮಾತ್ರ
ಬರೆಯಲಿಲ್ಲ.