ಬೆನ್ನಿನ ಅಕ್ಷರ

ಕಟ್ಟಿನಕೆರೆ ಮಾರುಕಟ್ಟೆಯ ಹಿಂದಿನ ಗುಜರಿಯಲ್ಲಿ
ಗೌಸ್ ಪೀರ್ ನನಗೆಂದೇ ಎತ್ತಿಡುತ್ತಾನೆ
ಬೇರೆ ಯಾರೂ ಕೇಳದ ಸರಕು:
ಚಿನ್ನ ಹುಡುಕುವವರಿಗೆಂದು ಅಚ್ಚಾದ ಕೈಪಿಡಿ,
ಬಟ್ಟೆಗೆ ಅಂಟಿಸಿ ಎಂಟು ಮಡಿಕೆ ಮಾಡಿದ ನಕಾಶೆ,
ಯಾವನೋ ದೊರೆಯ ಜೇಬಿನ ಬೆವರು ಕುಡಿದ ಪಟ್ಟಿ:
ಗುದ್ದಲಿ, ಕ್ವಿನೈನು, ಪಾದರಸ ಒಂದು ಸೀಸೆ,
ಛತ್ರಿ, ನಂಬಿಗಸ್ತ ಅಡುಗೆಯವನು.

"ತೂಕಕ್ಕೆ ಕೊಡಲೋ ಆಸೆಗೆ ಕೊಡಲೋ, ಸರ್ವೆ ಸಾರ್?"
ಪ್ರತಿ ಸಲವೂ ಅದೇ ತಮಾಷೆ.
ತೂಕಕ್ಕಾದರೆ ಕಿಲೋಗೆ ಹದಿನಾಲ್ಕು.
ಆಸೆಗಾದರೆ ನನ್ನ ಮುಖ ನೋಡಿ ಹೇಳುತ್ತಾನೆ.

ಮೂವತ್ತೊಂದು ವರ್ಷ ಚೈನು ಎಳೆದವನು ನಾನು,
ಅಣ್ಣತಮ್ಮಂದಿರ ಬದುವಿನ ಮೇಲೆ ನಿಂತು
ಗೇಣು ಗೇಣಿಗೂ ಬೈಸಿಕೊಂಡವನು.
ನಕಾಶೆ ಎಂದರೆ ಜಗಳ ಅಂತಲೇ ತಿಳಿದಿದ್ದೆ.
ಇವುಗಳಲ್ಲಿ ಬದುವಿಲ್ಲ.
ಹೊಳೆನರಸೀಪುರದಾಚೆ ಖಾಲಿ ಕಾಗದ,
ಖಾಲಿಯ ನಡುವೆ ಸೀಸದ ಕಡ್ಡಿಯಲ್ಲಿ ಒಂದು ಪ್ರಶ್ನೆಚಿಹ್ನೆ,
ಪಕ್ಕದಲ್ಲಿ ಇರುವೆಯಂಥ ಇಂಗ್ಲಿಷು:
ಬಿಳಿಗಲ್ಲು ಕಂಡಿತು. ನೀರು ಸಪ್ಪೆ. ಹುಲಿ ಇದೆಯಂತೆ.
ಪಾಪ, ನಮ್ಮ "ಅಂತೆ" ಹೇಳಲು ಅವನಿಗೆ
ನಾಲ್ಕು ಪದ ಬೇಕಾಗಿತ್ತು.
ಆ "ಅಂತೆ"ಗೇ ನಾನು ಮುನ್ನೂರು ಕೊಟ್ಟದ್ದು.

"ಹೋಗಿ ಒಂದು ಸಲ ಅಗೆದಾದರೂ ಬನ್ನಿ,"
ಮರುದೇವಿ ಅನ್ನುತ್ತಾಳೆ, ಕಪಾಟು ಒರೆಸುತ್ತ.
ಬಸ್ಸು ಇದೆ, ಒಂದೂವರೆ ಗಂಟೆಯ ದಾರಿ.
ಹೋಗಿಲ್ಲ.
ಹೋದರೆ ಅಲ್ಲೊಂದು ಪೆಟ್ರೋಲ್ ಬಂಕು ಇದ್ದೀತು.

ಸಣ್ಣೀರಮ್ಮನ ಗುರುತಾದದ್ದು ಅಕ್ಕಸಾಲಿಗರ ಬೀದಿಯಲ್ಲಿ,
ಅಂಗಡಿಗಳ ಕದ ಇನ್ನೂ ಮುಚ್ಚಿದ್ದಾಗ.
ಚರಂಡಿಯ ಕರಿ ಕೆಸರು ಬಳಿದು ಮರಿಗೆಗೆ ಹಾಕಿ
ತೊಳೆಯುತ್ತಾಳೆ, ಚೆಲ್ಲುತ್ತಾಳೆ, ಮತ್ತೆ ತೊಳೆಯುತ್ತಾಳೆ.
ಜಲಗಾರರ ಮನೆತನ, ಅವ್ವನ ಅವ್ವ ಹೊಳೆಯಲ್ಲಿ,
ಇವಳು ಮೋರಿಯಲ್ಲಿ.
ಒಂದು ಶನಿವಾರ ಚೀಲದಿಂದ ತೆಗೆದು ತೋರಿಸಿದೆ,
ಅರವತ್ತೆರಡನೆಯ ಪುಟದ ಚಿತ್ರ:
ಹೊಳೆಯಲ್ಲಿ ಕುಕ್ಕರಗಾಲಲ್ಲಿ ಕೂತ ಟೋಪಿಯವನು, ಕೈಯಲ್ಲಿ ಬೋಗುಣಿ.

ಸೆರಗಿಗೆ ಕೈ ಒರೆಸಿಕೊಂಡಳು. ಮುಟ್ಟಲಿಲ್ಲ.
"ಇವನ ಎಡಗೈ ತಪ್ಪು.
ಹಿಂಗೆ ಹಿಡುದ್ರೆ ಮೊದಲು ಹೋಗೋದೇ ಚಿನ್ನ."

ಚಿತ್ರದ ಕೆಳಗಿನದನ್ನೂ ಓದಿ ಹೇಳಿದೆ. ಹೇಳಬಾರದಿತ್ತು.
ತೊಳೆಯುವ ಜಾತಿಯವರು ಅಲ್ಲಲ್ಲಿ ಸಿಗುತ್ತಾರೆ,
ದಿನಕ್ಕೆ ಎರಡಾಣೆ ಸಾಕು.
ಅವರು ಕೂತ ಕಡೆ ನಕಾಶೆಯಲ್ಲಿ ಗುರುತು ಮಾಡಿಕೊಳ್ಳಿ,
ಆಮೇಲೆ ಅವರ ಅಗತ್ಯ ಬೀಳುವುದಿಲ್ಲ.

"ಎರಡಾಣೆ ಕೊಟ್ಟನಂತಾ?"
"ಅದು ಬರೆದಿಲ್ಲ."

ಮರಿಗೆಯ ನೀರು ಅಲ್ಲಾಡುವುದು ನಿಂತಿತು.
ಪುಸ್ತಕವನ್ನು ಈಗ ಅವಳೇ ತೆಗೆದುಕೊಂಡಳು,
ಮುಚ್ಚಿದಳು, ಬೆನ್ನು ಮೇಲಾಗಿ ತಿರುಗಿಸಿ
ಬೆಳಕಿಗೆ ಹಿಡಿದಳು, ಮೊಟ್ಟೆ ನೋಡುವ ಹಾಗೆ.
ಹೆಸರಿನ ಅಕ್ಷರ ಅರ್ಧ ಉದುರಿತ್ತು.
"ಇದು ಮಾತ್ರ ಖರೆ ಚಿನ್ನ.
ಇಂಥವು ಎಷ್ಟು ಮಡಗಿದ್ದೀರಿ?"
"ನೂರಾ ಹನ್ನೊಂದು."
ತುಟಿಯಲ್ಲೇ ಲೆಕ್ಕ ಹಾಕಿದಳು.
"ಹಳೇ ಜರಿ ಸೀರೆ ಸುಡ್ತೀವಲ್ಲ, ಹಂಗೆ ಸುಟ್ಟು
ಬೂದಿ ತೊಳುದ್ರೆ ಒಂದು ಗುಲಗಂಜಿ. ಜಾಸ್ತಿ ಇಲ್ಲ."

ಅಂದು ರಾತ್ರಿ ಕಪಾಟಿನ ಮುಂದೆ ಟಾರ್ಚು ಹಿಡಿದು ನಿಂತೆ.
ಇಷ್ಟು ವರ್ಷ ಒಳಗೇ ಹುಡುಕಿದವನು
ಬೆನ್ನುಗಳನ್ನು ನೋಡಿದ್ದೇ ಇಲ್ಲ.
ಸಾಲಾಗಿ ಗೋಡೆಗೆ ಮುಖ ಮಾಡಿ ನಿಂತ ಗಂಡಸರು,
ಒಬ್ಬೊಬ್ಬನ ಬೆನ್ನಿಗೂ ಒಂದಿಷ್ಟು ಹೊಳಪು
ಅಂಟಿಕೊಂಡಿದೆ, ಅವರಿಗೇ ಕಾಣದ ಜಾಗದಲ್ಲಿ.
ಗುಲಗಂಜಿಗಾಗಿ ಸುಡಲು ಮನಸ್ಸಿಲ್ಲ.
ಸುಡುವುದಿಲ್ಲ ಅನ್ನುವಾಗ ಯಾಕೋ
ಎರಡಾಣೆ ನೆನಪಾಗುತ್ತದೆ.

ಮರುದೇವಿಗೆ ಹೇಳಿಬಿಟ್ಟಿದ್ದೇನೆ,
ಕಪಾಟಿನ ಧೂಳು ಎಸೆಯಬೇಡ.
ಕ್ಯಾಲೆಂಡರಿನ ಹಾಳೆಯಲ್ಲಿ ಪೊಟ್ಟಣ ಕಟ್ಟಿ
ಶನಿವಾರ ಬೀದಿಗೆ ಒಯ್ಯುತ್ತೇನೆ.
ಸಣ್ಣೀರಮ್ಮ ಸುರಿದು, ನೀರು ಬಿಟ್ಟು, ವಾಲಿಸುತ್ತಾಳೆ;
ನಾನು ಎಡಗೈಯನ್ನೇ ನೋಡುತ್ತೇನೆ.
ತಳದಲ್ಲಿ ಕೆಂಪಗೆ ಏನೋ ಉಳಿಯುತ್ತದೆ.
ಬೆರಳಲ್ಲಿ ಒತ್ತಿ, ಮೂಸಿ,
"ಗೆದ್ದಲ ಮಣ್ಣು ಸಾ," ಅಂತ ಮೋರಿಗೆ ಚೆಲ್ಲುತ್ತಾಳೆ.
ಆಮೇಲೆ, ಮರಿಗೆ ಕವುಚಿ ಎದ್ದು ನಿಂತು,
"ಮುಂದಿನ ವಾರನೂ ತನ್ನಿ."