ಏಳು ಬೈ ಹದಿನಾರು

ಮೂವತ್ತೊಂದು ವರ್ಷ ಭಿನ್ನರಾಶಿ ಕಲಿಸಿದೆ, ಜೆಪ್ಪಿನ ಶಾಲೆಯಲ್ಲಿ.
‘ಇದು ಜೀವನದಲ್ಲಿ ಎಲ್ಲಿ ಬರ್ತದೆ ಟೀಚರ್?’
ಪ್ರತಿ ವರ್ಷ ಒಬ್ಬ ಹಿಂದಿನ ಬೆಂಚಿನಿಂದ ಕೇಳುತ್ತಿದ್ದ.
ಉತ್ತರ ಇರಲಿಲ್ಲ. ಹೊರಗೆ ನಿಲ್ಲಿಸುತ್ತಿದ್ದೆ.

ಈಗ ಕಾರಿನಡಿ ಅಂಗಾತ ಮಲಗಿ
ಉತ್ತರವನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೇನೆ:
ಏಳು ಬೈ ಹದಿನಾರು ಇಂಚಿನ ಸ್ಪ್ಯಾನರು.
ಅದೂ ಮೋಸ. ಕೊರೆದ ಅಂಕಿ ಬಾಯಿಯ ಅಳತೆಯಲ್ಲ,
ಬೋಲ್ಟಿನ ಮೈಯದು, ಇಂಗ್ಲೆಂಡಿನ ಹಳೇ ಲೆಕ್ಕ.
ಇದು ತಿಳಿಯುವಷ್ಟರಲ್ಲಿ ನಾಲ್ಕು ತಲೆ ಸವೆದು ಉರುಟಾದವು.
ನನ್ನದು ಐದನೆಯದು.

ಬೋಳಾರದ ಹಂಚಿನ ಕಾರ್ಖಾನೆ, ಬೀಗ ಜಡಿದ ಶೆಡ್ಡು,
ಒಡೆದ ಹಂಚಿನ ರಾಶಿಯ ಹಿಂದೆ ಇತ್ತು ಇದು.
ನನ್ನ ನೆನಪಿನಲ್ಲಿ ಕೆಂಪು.
ಒರೆಸಿದಾಗ ಕೆಂಪೆಲ್ಲ ಬಟ್ಟೆಗೆ ಬಂತು,
ಒಳಗೆ ಹಸುರು.
ಅಪ್ಪನ ಬುತ್ತಿ ಹಿಡಿದು ಗೇಟಿನಲ್ಲಿ ನಿಂತ ಹುಡುಗಿ
ಮ್ಯಾನೇಜರು ಇದರಲ್ಲಿ ಹೋಗುವುದನ್ನು ಕಂಡು ಕೇಳಿದ್ದಳು,
‘ಹಿಂದೆ ಸೀಟೇ ಇಲ್ಲ! ಹೆಂಡತಿ ಮಕ್ಕಳು ಎಲ್ಲಿ ಕೂರುವುದು?’
ಅಪ್ಪ ಕೆಮ್ಮುತ್ತ ನಕ್ಕರು:
‘ಕೂರಬಾರದು ಅಂತಲೇ, ಮಗಾ.’

ಪಿ.ಎಫ್. ದುಡ್ಡು ಹೋಯಿತು. ತಂಗಿ ಜಲಜಾಕ್ಷಿ ಮಾತು ಬಿಟ್ಟಳು.
ಬೊನಿಫಾಸ್ ಬಾಬ್ ಮೊದಲ ದಿನ ಬಾಗಿಲು ಮುಟ್ಟಿದರು,
ಬಾಗಿಲು ಕೈಗೇ ಬಂತು.
‘ಇದು ಕಾರಲ್ಲ ಟೀಚರೇ, ಉಪ್ಪಿನಕಾಯಿ.’
ಕಡಲ ಗಾಳಿ ಅಷ್ಟು ವರ್ಷ ತಿಂದು ಉಳಿಸಿದ್ದು
ಕಬ್ಬಿಣದ ಹಪ್ಪಳ.
ಒಳಗಿನ ಮರದ ಚೌಕಟ್ಟು ಗೆದ್ದಲಿನ ಪಾಲು.
ಬೆಂಗ್ರೆಯಲ್ಲಿ ದೋಣಿ ಕಟ್ಟುವ ಶ್ಯಾಮರಾಯ ಆಚಾರಿ
ಹೆಬ್ಬಲಸಿನ ಹಲಗೆ ಹಿಡಿದು ಮೂರು ಸುತ್ತು ಬಂದರು:
‘ಇದು ನೀರು ಸೀಳುವುದು ಯಾವ ಕಡೆಯಿಂದ?’
ನೀರಲ್ಲ, ಗಾಳಿ ಎಂದೆ.
‘ಹಾಗಾದ್ರೆ ಸುಲಭ.’
ಸುಲಭಕ್ಕೆ ಹದಿನಾಲ್ಕು ತಿಂಗಳು.

ಬ್ಯಾಟರಿ ಕೂರಿಸಿದ ದಿನ ಹೊಗೆ.
ಈ ಕಾರಿಗೆ ಪ್ಲಸ್ಸೇ ಭೂಮಿಗೆ ಹೋಗಬೇಕಂತೆ,
ಮೈನಸ್ಸಲ್ಲ. ವಯರೆಲ್ಲ ಸೀದ ಶಾವಿಗೆ.
ಚಿಹ್ನೆ ತಪ್ಪಿದ ಮಕ್ಕಳಿಗೆ ಸೊನ್ನೆ ಕೊಟ್ಟವಳು ನಾನು;
ಮೆಟ್ಟಿಲಲ್ಲಿ ಕೂತು ಅತ್ತೆ, ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಂಡು.
ಆಟೋ ಸೀಟು ಹೊಲಿಯುವ ಇದಿನಬ್ಬ ಅಳತೆಗೆ ಬಂದವ
ಏನೂ ಕೇಳದೆ ಟೇಪು ಮಡಚಿ
ಎರಡು ಲಿಂಬೆ ಸೋಡ ತಂದ.

ಮತ್ತೆ ಆ ಸ್ಪ್ರಿಂಗು, ಅಕ್ಕಿಕಾಳಿನಷ್ಟು. ಎರಡು ತಿಂಗಳು ಹುಡುಕಿದೆ.
ಹೊಸತಕ್ಕೆ ಬರೆದು, ಸುಂಕ ಕಟ್ಟಿ,
ಪಾರ್ಸೆಲ್ ತರಲು ಹೊರಟು ಕೊಡೆ ಬಿಡಿಸಿದರೆ
ಹಳೆಯದು ತಲೆಮೇಲೆ ಬಿತ್ತು.
ಎಂಚಿನ ಸಾವು ಮಾರಾಯ್ರೆ!

ಆದರೆ ಆ ಎರಡು ಕಾರ್ಬುರೇಟರು.
ರಬ್ಬರ್ ನಳಿಗೆಯ ಒಂದು ತುದಿ ನನ್ನ ಕಿವಿಗೆ,
ಇನ್ನೊಂದು ತುದಿ ಒಮ್ಮೆ ಇದರ ಬಾಯಿಗೆ, ಒಮ್ಮೆ ಅದರ ಬಾಯಿಗೆ.
ಉಸ್ಸ್. ಉಸ್ಸ್ಸ್ಸ್.
‘ಎರಡೂ ಒಂದೇ ಉಸಿರು ಎಳೆಯುವವರೆಗೆ ತಿರುಗಿಸಿ,
ನನಗೆ ಕಿವಿ ಹೋಗಿ ಹತ್ತು ವರ್ಷ ಆಯ್ತು.’
ಕಾಲು ಸುತ್ತು. ಕಾಲಿನ ಅರ್ಧ. ಅದರ ಅರ್ಧ.
ಮಡ್‌ಗಾರ್ಡಿನ ಮೇಲಿಟ್ಟ ಚಹಾದಲ್ಲಿ ಅಲೆ ನಿಂತಿತು.
ಬೊನಿಫಾಸ್ ಬಾಬ್ ತಗಡಿಗೆ ಅಂಗೈ ಒತ್ತಿ
ಕಣ್ಣು ಮುಚ್ಚಿ
ತುಂಬ ಹೊತ್ತು ಕೇಳಿದರು.

ಮೊನ್ನೆ ಬೆಳಗ್ಗೆ ಐದಕ್ಕೆ ನಾನು, ಜಲಜ.
ಮಾರ್ನಮಿಕಟ್ಟೆ, ಜೆಪ್ಪಿನಮೊಗರು, ಗಾಳಿಗೆ ಅವಳ ಸೆರಗು ನನ್ನ ಮುಖಕ್ಕೆ.
ನೇತ್ರಾವತಿ ಸೇತುವೆಯ ನಡುಮಧ್ಯೆ
ಒಂದು ಕೆಮ್ಮು, ಅಪ್ಪನದೇ, ಮತ್ತೆ ಮೌನ.
ಹಿಂದೆ ಮೀನಿನ ಲಾರಿಗಳ ಹಾರ್ನು.
ತಳ್ಳಲು ಇಳಿದವರಲ್ಲಿ
ನನ್ನ ಹಳೆಯ ಹುಡುಗರು ಯಾರಾದರೂ ಇರಬಹುದೆಂದು ನೋಡಿದೆ.
ಇರಲಿಲ್ಲ.
ಬಾನೆಟ್ಟು ತೆರೆದೆ, ಸ್ಪ್ಯಾನರು ನೋಡದೆಯೇ ಕೈಗೆ ಬಂತು.
ಬೇಕಿರಲಿಲ್ಲ. ಟ್ಯಾಂಕಿಗೆ ಗೇಜಿಲ್ಲ,
ಗೆರೆ ಕೊರೆದ ಬಿದಿರು ಕಡ್ಡಿ ಇಳಿಸಿ ಅಳೆಯಬೇಕು.
ಇಳಿಸಿದೆ. ಒಣಗಿದ್ದೇ ಬಂತು.
‘ಎಷ್ಟಕ್ಕಾ?’ ಎಂದಳು.
ಸೊನ್ನೆ ಬೈ ಹದಿನಾರು.

ನಗು ತಡೆಯಲಾಗದೆ ಜಲಜ ಸ್ಟಿಯರಿಂಗು ಹಿಡಿದಳು.
ಮೀನಿನವರ ಜೊತೆ ತಳ್ಳಿದವಳು ನಾನು.